ಉತ್ತರ ಕೊಟ್ಟ ಪುಸ್ತಕ, ದಾರಿ ಹುಡುಕಿದ ಹುಡುಗ

ತಾಳವಾಡಿ ಕಡೆಯವರಿಗೆ ಈರೋಡು ಹೊಸ ಊರೇನಲ್ಲ. ಜಿಲ್ಲಾ ಕಚೇರಿಯ ಕೆಲಸ ಅಂದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲದ ಮೇಲೆ ಹಾಯ್ದು ಅಲ್ಲಿಗೇ ಹೋಗಬೇಕು. ಅರಿಶಿನದ ಮಂಡಿಗೂ ಬಟ್ಟೆ ಸಂತೆಗೂ ಹೆಸರಾದ ಈ ಊರು ಆಗಿನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1887ರ ಡಿಸೆಂಬರ್ 22ರಂದು ಇಲ್ಲಿ, ತಾಯಿಯ ತವರು ಮನೆಯಲ್ಲಿ, ಒಂದು ಗಂಡು ಮಗು ಹುಟ್ಟಿತು. ಅಜ್ಜ ಊರಿನ ಮುನ್ಸೀಫ್ ಕೋರ್ಟಿನಲ್ಲಿ ಅಮೀನ. ಮಗುವಿಗೆ ರಾಮಾನುಜನ್ ಎಂದು ಹೆಸರಿಟ್ಟರು.

ಆ ಹೆಸರು ಇವತ್ತು ಯಾರಿಗೆ ಗೊತ್ತಿಲ್ಲ? ಗಣಿತ ಅಂದರೆ ರಾಮಾನುಜನ್, ರಾಮಾನುಜನ್ ಅಂದರೆ ಗಣಿತ. ನಾಮಕ್ಕಲ್‌ನ ನಾಮಗಿರಿ ತಾಯಾರು ಕನಸಿನಲ್ಲಿ ಬಂದು ಸೂತ್ರ ಹೇಳಿಕೊಡುತ್ತಿದ್ದಳು, ಅದು ದೇವರು ಕೊಟ್ಟ ವಿದ್ಯೆ, ಕಲಿಸಿದರೆ ಬರುವಂಥದ್ದಲ್ಲ ಎಂದು ನಾವು ಮಾತು ಮುಗಿಸಿಬಿಡುತ್ತೇವೆ. ಅದು ಅರ್ಧ ಮಾತು. ಅವರು ಯಾರಿಂದ, ಯಾವ ಪುಸ್ತಕದಿಂದ, ಯಾವ ರೀತಿಯಲ್ಲಿ ಲೆಕ್ಕ ಕಲಿತರು ಎಂದು ಹುಡುಕಿಕೊಂಡು ಹೋದರೆ ಇನ್ನರ್ಧ ಸಿಗುತ್ತದೆ. ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮೇಷ್ಟ್ರುಗಳಿಗೂ ತಾಯಿತಂದೆಗಳಿಗೂ ಉಪಯೋಗಕ್ಕೆ ಬರುವ ಭಾಗ ಅದೇ.

ಕುಂಭಕೋಣಂನ ಹುಡುಗ

ತಂದೆ ಶ್ರೀನಿವಾಸ ಅಯ್ಯಂಗಾರರು ಕುಂಭಕೋಣಂನಲ್ಲಿ ಜವಳಿ ಅಂಗಡಿಯೊಂದರ ಗುಮಾಸ್ತರು. ತಾಯಿ ಕೋಮಲತಮ್ಮಾಳ್. ಬಡತನದ ಮನೆ, ಆದರೆ ಮರ್ಯಾದಸ್ಥರ ಮನೆ. 1889ರಲ್ಲಿ ಮಗುವಿಗೆ ಸಿಡುಬು ಬಂದು ಹೋಯಿತು, ಜೀವ ಉಳಿಯಿತು. 1897ರ ಪ್ರಾಥಮಿಕ ಪರೀಕ್ಷೆಯಲ್ಲಿ ಹುಡುಗ ತಂಜಾವೂರು ಜಿಲ್ಲೆಗೇ ಮೊದಲಿಗನಾಗಿ ಪಾಸಾದ. ಮರುವರ್ಷ ಟೌನ್ ಹೈಸ್ಕೂಲು ಸೇರಿದ.

ಆ ದಿನಗಳದ್ದೇ ಒಂದು ಕಥೆ ಹೇಳುತ್ತಾರೆ. ಮೇಷ್ಟ್ರು ಭಾಗಾಕಾರ ಹೇಳಿಕೊಡುತ್ತಿದ್ದರಂತೆ. ಮೂರು ಹಣ್ಣನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಒಂದೊಂದು, ಸಾವಿರ ಹಣ್ಣನ್ನು ಸಾವಿರ ಜನಕ್ಕೆ ಹಂಚಿದರೂ ಅಷ್ಟೇ, ಯಾವ ಸಂಖ್ಯೆಯನ್ನು ಅದರಿಂದಲೇ ಭಾಗಿಸಿದರೂ ಉತ್ತರ ಒಂದು ಎಂದರಂತೆ. ಹುಡುಗ ಎದ್ದು ನಿಂತು, ಹಣ್ಣೇ ಇಲ್ಲ, ಹಂಚಿಸಿಕೊಳ್ಳುವವರೂ ಇಲ್ಲ, ಆಗಲೂ ಒಂದೊಂದು ಸಿಗುತ್ತದೆಯೇ ಎಂದು ಕೇಳಿದನಂತೆ. ಕಥೆ ಹೇಗೆ ನಡೆಯಿತೋ, ಕೇಳಿದ ಪ್ರಶ್ನೆ ಮಾತ್ರ ಸರಿಯಾದದ್ದೇ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಹಾಗಿಲ್ಲ, ಮೇಷ್ಟ್ರ ನಿಯಮ ಅಲ್ಲಿಗೆ ನಿಂತುಹೋಗುತ್ತದೆ. ನಿಯಮವನ್ನು ಬಾಯಿಪಾಠ ಮಾಡಿದವನು ಈ ಪ್ರಶ್ನೆ ಕೇಳುವುದಿಲ್ಲ. ನಿಯಮ ಎಲ್ಲಿಂದ ಬಂತು ಎಂದು ನೋಡುವವನಿಗಷ್ಟೇ ಅದು ಹೊಳೆಯುತ್ತದೆ.

ಮನೆಯಲ್ಲಿ ಬಾಡಿಗೆಗಿದ್ದ ಇಬ್ಬರು ಕಾಲೇಜು ಹುಡುಗರ ಗಣಿತವನ್ನೆಲ್ಲ ಹನ್ನೊಂದನೇ ವಯಸ್ಸಿಗೇ ಈತ ಮುಗಿಸಿದ್ದ. ಆಮೇಲೆ ಕೈಗೆ ಬಂದದ್ದು ಲೋನಿ ಬರೆದ ತ್ರಿಕೋನಮಿತಿ. ಹದಿಮೂರಕ್ಕೆ ಅದೂ ಮುಗಿಯಿತು. ತಾನಾಗಿ ಒಂದು ಸಂಗತಿ ಕಂಡುಹಿಡಿದು ಹಿಗ್ಗಿದ, ಅದನ್ನು ಆಯ್ಲರ್ ಎಂಬಾತ ನೂರೈವತ್ತು ವರ್ಷ ಹಿಂದೆಯೇ ಕಂಡಿದ್ದ ಎಂದು ತಿಳಿದು ನಾಚಿಕೆಯಾಗಿ, ಬರೆದ ಹಾಳೆಗಳನ್ನು ಮನೆಯ ಸೂರಿನಲ್ಲಿ ಬಚ್ಚಿಟ್ಟ ಎನ್ನುತ್ತಾರೆ. ಸುಮಾರು 1200 ಹುಡುಗರು, 35 ಮೇಷ್ಟ್ರುಗಳಿದ್ದ ಶಾಲೆಗೆ ಟೈಮ್ ಟೇಬಲ್ ಹಾಕುವ ತಲೆನೋವಿನಲ್ಲಿ ಹಿರಿಯ ಗಣಿತ ಉಪಾಧ್ಯಾಯರು ಇದೇ ಹುಡುಗನ ನೆರವು ಪಡೆಯುತ್ತಿದ್ದರು. ಹೈಸ್ಕೂಲು ಆತನನ್ನು ಅರ್ಥ ಮಾಡಿಕೊಂಡಿತ್ತು ಎನ್ನಲು ಇದೊಂದೇ ಸಾಕು. 1904ರಲ್ಲಿ ಶಾಲೆ ಬಿಡುವಾಗ ಹೆಡ್‌ಮಾಸ್ಟರ್ ಕೃಷ್ಣಸ್ವಾಮಿ ಅಯ್ಯರ್ ಗಣಿತದ ಬಹುಮಾನ ಕೊಟ್ಟು, ಈ ಹುಡುಗನಿಗೆ ನೂರಕ್ಕೆ ನೂರು ಕೊಟ್ಟರೂ ಕಡಿಮೆಯೇ ಎಂಬ ಅರ್ಥದಲ್ಲಿ ಪರಿಚಯಿಸಿದರು.

ಟ್ಯೂಷನ್ ಮೇಷ್ಟ್ರ ಗೈಡು

ಅದಕ್ಕೆ ಒಂದು ವರ್ಷ ಮುಂಚೆ, 1903ರಲ್ಲಿ, ಗೆಳೆಯರೊಬ್ಬರು ಕಾಲೇಜಿನ ಲೈಬ್ರರಿಯಿಂದ ಒಂದು ಪುಸ್ತಕ ತಂದುಕೊಟ್ಟರು. ಬರೆದವನು ಜಾರ್ಜ್ ಶೂಬ್ರಿಜ್ ಕಾರ್, ಲಂಡನ್ನಿನ ಒಬ್ಬ ಟ್ಯೂಷನ್ ಮೇಷ್ಟ್ರು. ಕೇಂಬ್ರಿಜ್‌ನ ಗಣಿತ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡಲು ಇಟ್ಟುಕೊಂಡ ಟಿಪ್ಪಣಿಗಳನ್ನೇ ಪುಸ್ತಕ ಮಾಡಿದ್ದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ಗೈಡು. ಸುಮಾರು ಐದು ಸಾವಿರ ಸೂತ್ರ, ಪ್ರಮೇಯಗಳು ನಂಬರು ಹಾಕಿಕೊಂಡು ಸಾಲಾಗಿ ನಿಂತಿದ್ದವು. ಯಾಕೆ, ಹೇಗೆ ಎಂಬುದಕ್ಕೆ ಕೆಲವು ಕಡೆ ಒಂದೆರಡು ಸಾಲಿನ ಸುಳಿವು. ಎಷ್ಟೋ ಕಡೆ ಅದೂ ಇಲ್ಲ.

ಪರೀಕ್ಷೆಗೆ ಕೂರುವ ಸಾಮಾನ್ಯ ಹುಡುಗ ಈ ಪುಸ್ತಕ ಹಿಡಿದರೆ ಏನು ಮಾಡುತ್ತಾನೆ? ಸೂತ್ರ ಉರು ಹೊಡೆಯುತ್ತಾನೆ. ರಾಮಾನುಜನ್‌ಗೆ ಪರೀಕ್ಷೆಯ ಆತುರವೂ ಇರಲಿಲ್ಲ, ಹೇಳಿಕೊಡುವವರೂ ಇರಲಿಲ್ಲ. ಹಾಗಾಗಿ ಒಂದೊಂದು ಸೂತ್ರವೂ ಅವರಿಗೆ ಬಿಡಿಸಬೇಕಾದ ಒಗಟಾಯಿತು. ಉತ್ತರ ಮುಂದಿದೆ, ದಾರಿ ಇಲ್ಲ. ದಾರಿ ಹುಡುಕುತ್ತಾ ಹೋದ ಹುಡುಗ, ಪುಸ್ತಕದಲ್ಲಿ ಇಲ್ಲದ ಉತ್ತರಗಳನ್ನೂ ದಾರಿಯಲ್ಲಿ ಕಂಡ. ಅವನ್ನು ಬರೆದಿಡಲು ನೋಟ್‌ಬುಕ್ ಶುರುಮಾಡಿದ.

ಬರೆದಿಟ್ಟ ರೀತಿಯನ್ನೂ ಗಮನಿಸಬೇಕು. ಕಾಗದಕ್ಕೆ ಕಾಸಿರಲಿಲ್ಲ. ಲೆಕ್ಕವೆಲ್ಲ ಸ್ಲೇಟಿನ ಮೇಲೆ. ಮೊಣಕೈಯಲ್ಲಿ ಒರೆಸುವುದು, ಮತ್ತೆ ಬರೆಯುವುದು, ಕೊನೆಗೆ ಬಂದ ಉತ್ತರವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುವುದು. ಗಣಿತ ಬರೆಯುವುದು ಅಂದರೆ ಹೀಗೇ ಎಂದು ಅವರಿಗೆ ಕಾರ್‌ನ ಪುಸ್ತಕ ಕಲಿಸಿಬಿಟ್ಟಿತ್ತು. ದಾರಿ ಸ್ಲೇಟಿನ ಜೊತೆ ಅಳಿಸಿಹೋಯಿತು, ಉತ್ತರ ಉಳಿಯಿತು.

ಆ ಪುಸ್ತಕದ ಗಣಿತ 1860ರ ಸುಮಾರಿಗೆ ನಿಂತುಹೋಗಿತ್ತು. ಆಮೇಲೆ ಯೂರೋಪಿನಲ್ಲಿ ಏನೇನು ನಡೆಯಿತು, ಒಂದು ಮಾತು ನಿಜವೆಂದು ಸಾಧಿಸುವುದು ಅಂದರೆ ಏನೆಂದು ಗಣಿತಜ್ಞರು ಎಷ್ಟು ಬಿಗಿಯಾಗಿ ಯೋಚಿಸತೊಡಗಿದ್ದರು ಎಂಬುದು ಕುಂಭಕೋಣಂನ ಜಗಲಿಗೆ ತಲುಪಲೇ ಇಲ್ಲ.

ಎಫ್.ಎ. ಪರೀಕ್ಷೆ

ಊರಿನ ಸರ್ಕಾರಿ ಕಾಲೇಜಿಗೆ ದಕ್ಷಿಣ ಭಾರತದ ಕೇಂಬ್ರಿಜ್ ಎಂಬ ಹೆಸರಿತ್ತು. 1904ರಲ್ಲಿ ಸ್ಕಾಲರ್‌ಷಿಪ್ ಮೇಲೆ ಸೇರಿದ ಹುಡುಗ ಗಣಿತ ಬಿಟ್ಟು ಬೇರೇನೂ ಓದಲಿಲ್ಲ. ಇಂಗ್ಲಿಷ್ ಪ್ರಬಂಧದಲ್ಲಿ ನಪಾಸಾದ, ಸ್ಕಾಲರ್‌ಷಿಪ್ ಹೋಯಿತು. 1905ರಲ್ಲಿ ಮನೆಯವರಿಗೆ ಹೇಳದೆ ವಿಶಾಖಪಟ್ಟಣದ ಕಡೆ ಓಡಿಹೋದ. ಮರಳಿ ಬಂದು 1906ರಲ್ಲಿ ಮದ್ರಾಸಿನ ಪಚ್ಚೈಯಪ್ಪ ಕಾಲೇಜು ಸೇರಿದ. ಅಲ್ಲಿ ಶರೀರಶಾಸ್ತ್ರ ಕಾಡಿತು. ಎಫ್.ಎ. ಪರೀಕ್ಷೆಯಲ್ಲಿ ಫೇಲು, 1907ರಲ್ಲಿ ಖಾಸಗಿಯಾಗಿ ಕಟ್ಟಿ ಮತ್ತೆ ಫೇಲು.

ಪಚ್ಚೈಯಪ್ಪ ಕಾಲೇಜಿನಲ್ಲಿ ಒಂದು ಒಳ್ಳೆಯದೂ ಆಯಿತು. ಪ್ರಾಧ್ಯಾಪಕ ಸಿಂಗಾರವೇಲು ಮುದಲಿಯಾರರು ಹುಡುಗನನ್ನು ಹತ್ತಿರ ಕೂರಿಸಿಕೊಂಡು ಗಣಿತ ಪತ್ರಿಕೆಗಳ ಕಠಿಣ ಲೆಕ್ಕಗಳನ್ನು ಜೊತೆಯಾಗಿ ಬಿಡಿಸುತ್ತಿದ್ದರು. ಗುರು ಹೇಳುವುದು, ಶಿಷ್ಯ ಬರೆದುಕೊಳ್ಳುವುದು ಎಂಬ ಪಾಠ ಅದಲ್ಲ. ಇಬ್ಬರಿಗೂ ಗೊತ್ತಿಲ್ಲದ್ದನ್ನು ಇಬ್ಬರೂ ಹುಡುಕುವ ಪಾಠ. ಪರೀಕ್ಷೆ ಫೇಲಾದ ಮೇಲೆ ಅದೂ ಕೈತಪ್ಪಿತು.

ಮೂರರ ಒಗಟು

1909ರಲ್ಲಿ ಜಾನಕಿಯೊಡನೆ ಮದುವೆಯಾಯಿತು. ಮದುವೆಯಾದ ಮೇಲೆ ಸಂಬಳ ಬೇಕಲ್ಲ. ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ರಾಮಾನುಜನ್ ಮನೆಮನೆ ಅಲೆದರು. ಭಾರತೀಯ ಗಣಿತ ಸಂಘ ಸ್ಥಾಪಿಸಿದ್ದ ಡೆಪ್ಯುಟಿ ಕಲೆಕ್ಟರ್ ರಾಮಸ್ವಾಮಿ ಅಯ್ಯರ್ ಅವರ ಗುಣ ಗುರುತಿಸಿದರು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ತಿಂಗಳಿಗೆ 25 ರೂಪಾಯಿ ಕೊಟ್ಟು ಸಾಕಿದರು. 1911ರಲ್ಲಿ ಸಂಘದ ಪತ್ರಿಕೆಯಲ್ಲಿ ಅವರ ಹೆಸರು ಮೊದಲು ಅಚ್ಚಾಯಿತು.

ಅದೇ ವರ್ಷ ಓದುಗರಿಗೆಂದು ಅವರು ಹಾಕಿದ ಒಂದು ಲೆಕ್ಕವನ್ನು ಇಲ್ಲಿ ಹೇಳಲೇಬೇಕು. ಸ್ಲೇಟು ಹಿಡಿದು ಕೂತರೆ ಹೈಸ್ಕೂಲು ಮಕ್ಕಳಿಗೂ ಅರ್ಥವಾಗುತ್ತದೆ. ಒಂದು ವರ್ಗಮೂಲದ ಚಿಹ್ನೆ, ಅದರೊಳಗೆ 1ಕ್ಕೆ 2ರಷ್ಟು ಇನ್ನೊಂದು ವರ್ಗಮೂಲ ಕೂಡಿದೆ. ಆ ಎರಡನೆಯದರೊಳಗೆ 1ಕ್ಕೆ 3ರಷ್ಟು ಮತ್ತೊಂದು, ಅದರೊಳಗೆ 1ಕ್ಕೆ 4ರಷ್ಟು ಇನ್ನೊಂದು. ಹೀಗೆ ಕೊನೆಯೇ ಇಲ್ಲದೆ ಹೋಗುತ್ತದೆ. ಇದರ ಬೆಲೆ ಎಷ್ಟು? ಮೂರು ಸಂಚಿಕೆ, ಆರು ತಿಂಗಳು ಕಾದರೂ ಯಾರೂ ಉತ್ತರ ಕಳಿಸಲಿಲ್ಲ. ಕೊನೆಗೆ ಅವರೇ ಹೇಳಿದರು, ಉತ್ತರ 3.

ಬರೀ 3 ಎಂದು ತಿಳಿದರೆ ಏನು ಬಂತು? ಏನೂ ಇಲ್ಲ. ದಾರಿ ನೋಡಿ. 3 ಎಂದರೆ 9ರ ವರ್ಗಮೂಲ. 9 ಎಂದರೆ 1 + 2 × 4. ಆ 4 ಎಂದರೆ 16ರ ವರ್ಗಮೂಲ, 16 ಎಂದರೆ 1 + 3 × 5. ಆ 5 ಎಂದರೆ 25ರ ವರ್ಗಮೂಲ, 25 ಎಂದರೆ 1 + 4 × 6. ಮೆಟ್ಟಿಲಿನ ಮೇಲೆ ಮೆಟ್ಟಿಲು. ಕಂಡವನಿಗೆ ಇದು ಮರೆಯುವುದಿಲ್ಲ, ಬಾಯಿಪಾಠದ ಗೊಡವೆಯೂ ಬೇಡ.

ಆದರೆ ಇದರಲ್ಲೂ ಒಂದು ಮೆಟ್ಟಿಲು ಬಿಟ್ಟುಹೋಗಿದೆ. 3ರ ಬದಲು 4ರಿಂದ ಹೊರಟರೂ ಹೀಗೇ ಇಳಿಯಬಹುದಲ್ಲ! 16 ಎಂದರೆ 1 + 2 × 7.5. ಆ 7.5ರ ವರ್ಗ 56.25, ಅದು 1 + 3 × 18.4ರಷ್ಟು. ಹೀಗೆ ಮುಂದುವರಿದರೆ ಉತ್ತರ 4 ಎಂದೂ ವಾದಿಸಬಹುದೇ? ಆಗುವುದಿಲ್ಲ. ಮೊದಲನೆಯದರಲ್ಲಿ 3, 4, 5, 6 ಎಂದು ಸಂಖ್ಯೆಗಳು ಮೆಲ್ಲಗೆ ಏರುತ್ತವೆ. ಎರಡನೆಯದರಲ್ಲಿ 4, 7.5, 18.4, 84.5 ಎಂದು ಲಂಗುಲಗಾಮಿಲ್ಲದೆ ಜಿಗಿಯುತ್ತವೆ. ಸರಿ ಉತ್ತರ 3 ಮಾತ್ರ ಎನ್ನಲು ಈ ವ್ಯತ್ಯಾಸವನ್ನು ವಾದ ಮಾಡಿ ತೋರಿಸಬೇಕು. ರಾಮಾನುಜನ್ ಪತ್ರಿಕೆಗೆ ಬರೆದ ಉತ್ತರದಲ್ಲಿ ಆ ವಾದ ಇರಲಿಲ್ಲ. ಉತ್ತರ ಸರಿ, ನೋಟ ಅದ್ಭುತ, ಆದರೆ ಯಾಕೆ ಎಂದು ಕೊನೆಯ ತನಕ ಕೇಳುವ ಜೊತೆಗಾರ ಅವರಿಗೆ ಇನ್ನೂ ಸಿಕ್ಕಿರಲಿಲ್ಲ.

ಎರಡು ಸ್ಲೇಟು

ಅಂಥ ಮೊದಲ ಜೊತೆಗಾರ ಸಿಕ್ಕಿದ್ದು ಒಂದು ಆಫೀಸಿನಲ್ಲಿ. 1912ರ ಮಾರ್ಚ್ 1ರಂದು ಅವರು ಮದ್ರಾಸ್ ಬಂದರು ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು. ಮೇಲಧಿಕಾರಿ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ರಾತ್ರಿ ಹೊತ್ತು ಇಬ್ಬರೂ ಎರಡು ಸ್ಲೇಟು ಹಿಡಿದು ಕೂರುತ್ತಿದ್ದರು. ಒಂದು ಸಾಲಿನಿಂದ ಇನ್ನೊಂದಕ್ಕೆ ನೀನು ಹಾರಿಬಿಡುತ್ತೀಯ, ನನಗೇ ತಿಳಿಯದಿದ್ದರೆ ಬೇರೆಯವರಿಗೆ ಹೇಗೆ ತಿಳಿದೀತು, ನಡುವಿನ ಮೆಟ್ಟಿಲುಗಳನ್ನೂ ಬರೆ ಎಂದು ಅಯ್ಯರ್ ಒತ್ತಾಯ ಮಾಡುತ್ತಿದ್ದರಂತೆ. ಇನ್ನೊಬ್ಬರಿಗೆ ತಿಳಿಯುವ ಹಾಗೆ ಹೇಳುವುದೂ ಕಲಿಕೆಯ ಭಾಗವೇ ಎಂದು ಅವರಿಗೆ ನೆನಪಿಸಿದವರು ಇವರು. ಆಗ ರಾಮಾನುಜನ್‌ಗೆ ವಯಸ್ಸು 24 ದಾಟಿತ್ತು.

ಗೆಳೆಯರ ಒತ್ತಾಯಕ್ಕೆ ಇಂಗ್ಲೆಂಡಿನ ದೊಡ್ಡವರಿಗೆ ಕಾಗದ ಹೋಯಿತು. ಲಂಡನ್ನಿನ ಪ್ರೊಫೆಸರ್ ಹಿಲ್, ಹುಡುಗನಿಗೆ ಲೆಕ್ಕದ ರುಚಿ ಇದೆ, ಆದರೆ ಅನಂತ ಶ್ರೇಢಿಗಳ ಹಳ್ಳಕ್ಕೆ ಬಿದ್ದಿದ್ದಾನೆ, ಬ್ರಾಮ್‌ವಿಚ್‌ನ ಪುಸ್ತಕ ಓದಲಿ ಎಂಬರ್ಥದ ಸಲಹೆ ಕೊಟ್ಟು ಮುಗಿಸಿದರು. ಸಲಹೆ ತಪ್ಪಲ್ಲ. ಕೈ ಹಿಡಿಯುವುದು ಮಾತ್ರ ಅವರಿಂದ ಆಗಲಿಲ್ಲ.

1913ರ ಜನವರಿ 16ರಂದು ಬರೆದ ಕಾಗದ ಕೇಂಬ್ರಿಜ್‌ನ ಹಾರ್ಡಿಗೆ ಹೋಯಿತು.

ಹಾರ್ಡಿಯ ಕಲಿಕೆ

ಹಾರ್ಡಿಗೇ ಈ ಕಾಗದ ಯಾಕೆ ಅರ್ಥವಾಯಿತು ಎಂದು ತಿಳಿಯಲು ಆತ ಕಲಿತ ಬಗೆಯನ್ನೂ ಸ್ವಲ್ಪ ನೋಡಬೇಕು. ಇಬ್ಬರು ಉಪಾಧ್ಯಾಯರ ಮಗನಾದ ಹಾರ್ಡಿ ಕೇಂಬ್ರಿಜ್ ಸೇರಿದಾಗ ಅಲ್ಲಿ ಟ್ಯೂಷನ್ ಮೇಷ್ಟ್ರುಗಳದ್ದೇ ರಾಜ್ಯಭಾರ. ಪರೀಕ್ಷೆಯಲ್ಲಿ ರ‍್ಯಾಂಕು ಬರುವುದಕ್ಕೆ ಬೇಕಾದ ಚಮತ್ಕಾರಗಳನ್ನು ಅರೆದು ಕುಡಿಸುತ್ತಿದ್ದರು. ಹುಡುಗನಿಗೆ ಗಣಿತವೇ ಬೇಸರವಾಗಿ ಬಿಟ್ಟು ಹೋಗುವ ಯೋಚನೆ ಬಂತು. ಆಗ ಪ್ರೊಫೆಸರ್ ಲವ್ ಎಂಬುವರು ಜೋರ್ಡಾನ್ ಎಂಬ ಫ್ರೆಂಚ್ ಗಣಿತಜ್ಞನ ಪುಸ್ತಕ ಓದು ಎಂದರು. ಗಣಿತ ಅಂದರೆ ಏನೆಂದು ತನಗೆ ತಿಳಿದದ್ದೇ ಆ ಪುಸ್ತಕದಿಂದ ಎಂದು ಹಾರ್ಡಿ ಮುಂದೆ ನೆನೆಯುತ್ತಿದ್ದರು. 1898ರಲ್ಲಿ ನಾಲ್ಕನೇ ರ‍್ಯಾಂಕು ಬಂದರೂ ಆ ರ‍್ಯಾಂಕು ಪದ್ಧತಿಯ ವಿರುದ್ಧವೇ ಅವರು ಹೋರಾಡಿದರು. 1909ರ ನಂತರ ಅದು ನಿಂತಿತು.

ಒಬ್ಬರಿಗೆ ಸಿಕ್ಕಿದ್ದು ದಾರಿಯಿಲ್ಲದ ಉತ್ತರಗಳ ಪುಸ್ತಕ, ಇನ್ನೊಬ್ಬರಿಗೆ ಪ್ರತಿ ಹೆಜ್ಜೆಗೂ ಕಾರಣ ಕೊಡುವ ಪುಸ್ತಕ. ಇವರಿಬ್ಬರೂ ಮುಖಾಮುಖಿಯಾದರು.

ಹಾರ್ಡಿ ಮತ್ತು ಗೆಳೆಯ ಲಿಟಲ್‌ವುಡ್ ಒಂದು ಸಂಜೆಯೆಲ್ಲ ಕೂತು ಕಾಗದ ನೋಡಿದರು. ನೂರಕ್ಕೂ ಮೇಲ್ಪಟ್ಟ ಸೂತ್ರಗಳು. ಕೆಲವು ಹಳೆಯವು, ಕೆಲವು ಯಾರೂ ಕಾಣದಂಥವು. ಅವಿಭಾಜ್ಯ ಸಂಖ್ಯೆಗಳ ಎಣಿಕೆಯ ಬಗ್ಗೆ ಹೇಳಿದ್ದು ಮಾತ್ರ ತಪ್ಪಾಗಿತ್ತು. ಕಾರ್‌ನ ಪುಸ್ತಕದಲ್ಲಿ ಇಲ್ಲದ ಗಣಿತದ ಭಾಗ ಅಲ್ಲಿ ಬೇಕಿತ್ತು. ಮೋಸಗಾರನಾದರೆ ಇಂಥ ಸೂತ್ರಗಳನ್ನು ಊಹಿಸಿ ಬರೆಯಲಾರ ಎಂದು ಹಾರ್ಡಿ ತೀರ್ಮಾನಿಸಿದರು. ಸಾಧನೆಗಳನ್ನು ಕಳಿಸು ಎಂದು ಬರೆದರು. ತನ್ನ ದಾರಿ ಒಂದು ಕಾಗದದಲ್ಲಿ ಹೇಳಿದರೆ ತಿಳಿಯುವಂಥದ್ದಲ್ಲ, ಸದ್ಯಕ್ಕೆ ಬೇಕಾದದ್ದು ಆಸರೆ, ಹೊಟ್ಟೆಗೆ ಹಿಟ್ಟು ಎಂಬ ಧಾಟಿಯಲ್ಲಿ ರಾಮಾನುಜನ್ ಮರು ಬರೆದರು. ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. 1914ರ ಮಾರ್ಚ್ 17ರಂದು ಹಡಗು ಹತ್ತಿದರು.

ಕಲಿಸುವುದೋ, ಬಿಡುವುದೋ?

ಈಗ ಹಾರ್ಡಿಗೆ ಪೇಚು. ಎದುರಿಗೆ ಕೂತವನಿಗೆ ಜಗತ್ತಿನಲ್ಲಿ ಯಾರಿಗೂ ತಿಳಿಯದ್ದು ತಿಳಿದಿದೆ, ಕೇಂಬ್ರಿಜ್‌ನ ಎರಡನೇ ವರ್ಷದ ಹುಡುಗನಿಗೆ ತಿಳಿದದ್ದು ತಿಳಿದಿಲ್ಲ. ಮೊದಲಿನಿಂದ ಕ್ರಮವಾಗಿ ಪಾಠ ಮಾಡಿದರೆ ಹುಡುಕುವ ಹುಮ್ಮಸ್ಸೇ ಸತ್ತುಹೋದೀತು. ಹಾಗೇ ಬಿಟ್ಟರೆ ತಪ್ಪುಗಳಲ್ಲೇ ಉಳಿದುಬಿಟ್ಟಾರು. ಲಿಟಲ್‌ವುಡ್ ಪಾಠ ಮಾಡಲು ಕೂತರು. ಒಂದು ಸಂಗತಿ ಎತ್ತುತ್ತಿದ್ದಂತೆ ರಾಮಾನುಜನ್ ಅದರಿಂದ ಹತ್ತು ಹೊಸ ಸಂಗತಿ ತೆಗೆಯುತ್ತಿದ್ದರು, ಪಾಠ ಅಲ್ಲೇ ನಿಲ್ಲುತ್ತಿತ್ತು.

ಕೊನೆಗೆ ಹಾರ್ಡಿ ನಡುದಾರಿ ಹಿಡಿದರು. ಪಾಠ ಒಪ್ಪಿಸುವ ಕೆಲಸ ಬಿಟ್ಟು, ಜೊತೆಗೆ ಕೆಲಸ ಮಾಡುತ್ತಾ, ತಡೆ ಬಂದಲ್ಲಿ ಮಾತ್ರ ಹೇಳಿಕೊಟ್ಟರು. ಅವರು ಕಂಡದ್ದನ್ನು ನಂಬಿದರು, ಯಾಕೆ ಎಂದು ಕೇಳುವುದನ್ನೂ ಬಿಡಲಿಲ್ಲ. ತಾನು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು ಎಂದು ಆಮೇಲೆ ಒಪ್ಪಿಕೊಂಡರು.

ಫಲ ಸಿಕ್ಕಿತು. 4ನ್ನು ಕೂಡುವ ಸಂಖ್ಯೆಗಳಾಗಿ ಒಡೆಯಲು ಐದು ಬಗೆ: 4, 3+1, 2+2, 2+1+1, 1+1+1+1. 200ನ್ನು ಒಡೆಯಲು ಎಷ್ಟು ಬಗೆ? ಉತ್ತರ 13 ಅಂಕಿಗಳ ಸಂಖ್ಯೆ. ಮ್ಯಾಕ್‌ಮಹೊನ್ ಎಂಬುವರು ಅದನ್ನು ಕೈಲೆಕ್ಕದಲ್ಲಿ ತೆಗೆದಿದ್ದರು. ಅದಕ್ಕೆ ಸರಿಯಾಗಿ ತಾಳೆಯಾಗುವ ಸೂತ್ರವನ್ನು 1918ರಲ್ಲಿ ರಾಮಾನುಜನ್ ಮತ್ತು ಹಾರ್ಡಿ ಸೇರಿ ಪ್ರಕಟಿಸಿದರು. ಒಬ್ಬರ ನೋಟ, ಇನ್ನೊಬ್ಬರ ಸಾಧನೆಯ ಬಿಗಿ ಎರಡೂ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಎರಡು ಸಲ ಎಫ್.ಎ. ಫೇಲಾದವರಿಗೆ 1916ರಲ್ಲಿ ಕೇಂಬ್ರಿಜ್ ಪದವಿ ಸಿಕ್ಕಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಆದ ಮೊದಲ ಭಾರತೀಯ ಎನಿಸಿದರು.

ಆದರೆ ಯುದ್ಧದ ಕಾಲ, ಸಸ್ಯಾಹಾರ ಸಿಗದ ಊರು, ಚಳಿ, ಒಂಟಿತನ. ಕಾಯಿಲೆ ಹಿಡಿಯಿತು. 1919ರಲ್ಲಿ ಊರಿಗೆ ಮರಳಿ, ಮಲಗಿದಲ್ಲೇ ಲೆಕ್ಕ ಮಾಡುತ್ತಾ, 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡರು. ಆಗ 32 ವರ್ಷ.

ಅಳಿಸಿಹೋದ ದಾರಿ

ಸ್ಲೇಟಿನ ಮೇಲೆ ಅಳಿಸಿಹೋದ ದಾರಿಯ ಬೆಲೆ ಏನೆಂದು ಆಮೇಲೆ ತಿಳಿಯಿತು. ನೋಟ್‌ಬುಕ್ಕುಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಸೂತ್ರಗಳಿದ್ದವು, ಸಾಧನೆ ಇರಲಿಲ್ಲ. ಮುಂಬಯಿಯ ಟಾಟಾ ಸಂಸ್ಥೆ 1957ರಲ್ಲಿ ಅವುಗಳ ಪ್ರತಿಯನ್ನು ಇದ್ದ ಹಾಗೇ ಅಚ್ಚು ಹಾಕಿತು. ಅಮೆರಿಕದ ಬ್ರೂಸ್ ಬರ್ನ್ಟ್ ಒಂದೊಂದಕ್ಕೂ ದಾರಿ ಹುಡುಕಿ 1985ರಿಂದ 1998ರವರೆಗೆ ಐದು ಸಂಪುಟ ತಂದರು. ಕಾರ್‌ನ ಪುಸ್ತಕ ರಾಮಾನುಜನ್‌ಗೆ ಮಾಡಿದ್ದನ್ನೇ ರಾಮಾನುಜನ್ ಜಗತ್ತಿಗೆ ಮಾಡಿದರು ಎನ್ನಬೇಕು.

ಹಾಗಾದರೆ ಕಾರ್‌ನ ಪುಸ್ತಕ ಒಳ್ಳೆಯದೋ, ಕೆಟ್ಟದ್ದೋ? ಆ ಹುಡುಗನಿಗೆ ಅದು ಹುಡುಕುವ ಜಾಗ ಬಿಟ್ಟಿತು, ಅದು ಒಳ್ಳೆಯದು. ಹುಡುಕಿದ್ದನ್ನು ತೂಗಿ ನೋಡುವವರನ್ನು ಕೊಡಲಿಲ್ಲ, ಅದು ಕೊರತೆ. ಅದೇ ಪುಸ್ತಕ ಓದಿ ಲೆಕ್ಕವೆಂದರೆ ಹೆದರಿ ಓಡಿಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಎಲ್ಲವನ್ನೂ ತಾನೇ ಬೋರ್ಡಿನ ಮೇಲೆ ಬಿಡಿಸಿ ತೋರಿಸುವ ಮೇಷ್ಟ್ರು ಮಗುವಿಗೆ ಹುಡುಕಲು ಏನನ್ನೂ ಉಳಿಸುವುದಿಲ್ಲ. ಉತ್ತರ ಮಾತ್ರ ಕೊಡುವ ಗೈಡು ಯಾಕೆ ಎಂದು ಕೇಳುವುದನ್ನು ಕಲಿಸುವುದಿಲ್ಲ. ಸಿಂಗಾರವೇಲು ಮುದಲಿಯಾರರು, ನಾರಾಯಣ ಅಯ್ಯರ್, ಹಾರ್ಡಿ, ಮೂವರೂ ಮಾಡಿದ್ದು ಇವೆರಡರ ನಡುವಿನ ಕೆಲಸ: ಪಕ್ಕದಲ್ಲಿ ಕೂತರು, ಮಾಡಲು ಬಿಟ್ಟರು, ಹೇಗೆ ಬಂತು ಎಂದು ಕೇಳಿದರು. ಇದಕ್ಕೆ ದೊಡ್ಡ ಖರ್ಚಿಲ್ಲ, ಎರಡು ಸ್ಲೇಟು ಸಾಕು.

ನಮ್ಮ ಗಡಿಯೂರುಗಳ ಮಗುವಿಗೆ ಇದು ಇನ್ನೂ ಹೆಚ್ಚು ಬೇಕು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲೋ ಪರೀಕ್ಷೆಯಲ್ಲೋ ಇನ್ನೊಂದು. ಸೂತ್ರ ಬಾಯಿಗೆ ಬಂದಿದೆ, ಅರ್ಥ ಮನೆಮಾತಿನಲ್ಲಿ ಕೂತಿಲ್ಲ ಎಂಬ ಪಾಡು ಎಷ್ಟೋ ಮಕ್ಕಳದ್ದು. ಇಂಗ್ಲಿಷ್ ಪ್ರಬಂಧದಲ್ಲಿ ಬಿದ್ದು ಸ್ಕಾಲರ್‌ಷಿಪ್ ಕಳೆದುಕೊಂಡ ಹುಡುಗನ ಪಾಡು ಅವರಿಗೆ ಬೇಗ ತಿಳಿದೀತು.

2012ರಿಂದ ಡಿಸೆಂಬರ್ 22ನ್ನು ರಾಷ್ಟ್ರೀಯ ಗಣಿತ ದಿನ ಎಂದು ಆಚರಿಸುತ್ತಾರೆ. ಫೋಟೊಗೆ ಹಾರ, ಭಾಷಣ, ಬಹುಮಾನ ಎಲ್ಲ ಇರಲಿ. ಆ ದಿನ ಒಂದು ಮಗು ಸರಿ ಉತ್ತರ ಹೇಳಿದಾಗ ಭೇಷ್ ಎಂದು ಕೂರಿಸಿಬಿಡಬೇಡಿ. ಅದು ಹೇಗೆ ಬಂತು ಎಂದು, ಅದರದ್ದೇ ಮಾತಿನಲ್ಲಿ, ಒಮ್ಮೆ ಕೇಳಿ ನೋಡಿ.